ದೀಪ ಹಚ್ಚಿದ ಮೇಲೆ ಗಿಡ ಮುಟ್ಟಬಾರದು

ಮೇ ೬, ಮಂಗಳವಾರ

ಯಾವ ಪಾಪಿ ಹುಳವೋ ಏನೋ, ಇವರ ಪನ್ನೀರು ಗುಲಾಬಿ ಗಿಡವನ್ನು ಜರಡಿ ಮಾಡಿಬಿಟ್ಟಿದೆ. ನಿನ್ನೆ ಸಾಯಂಕಾಲ ಈ ವರ್ಷದ ಮೊದಲ ಮಳೆ ಜೋರಾಗಿ ಹುಯ್ದಿತ್ತು. ಬೆಳಿಗ್ಗೆ ಗಿಡ ತೊಳೆದಿಟ್ಟ ಹಾಗೆ ಹೊಳೆಯುತ್ತಿರುತ್ತೆ ಅಂತ ಬಾಗಿಲು ತೆಗೆದು ನೋಡಿದರೆ ಎಲೆಯೇ ಇಲ್ಲ! ಇರುವ ಎಲೆಯ ಅಂಚು ಕಚ್ಚಿ, ನಡುವೆ ತೂತು ಕೊರೆದು, ಎಳೆ ಚಿಗುರಲ್ಲಂತೂ ಬರೀ ದಂಟು ಉಳಿಸಿದೆ. ಮೊಗ್ಗನ್ನೂ ಬಿಟ್ಟಿಲ್ಲ. ಎಲೆ ಎಲೆ ಮಗುಚಿ ಹುಡುಕಿದೆ. ಒಂದೇ ಒಂದು ಹುಳ ಕಣ್ಣಿಗೆ ಬೀಳಬೇಕಲ್ಲ! ಹೊಟ್ಟೆ ಉರಿದುಹೋಯಿತು.

ಇವರು ವರಾಂಡದ ಬೆತ್ತದ ಕುರ್ಚಿಯಲ್ಲಿ ಶಾಲು ಹೊದ್ದು ಕೂತು ನೋಡುತ್ತಿದ್ದರು. "ಬಿಡೇ ವೇದಾ, ಗಿಡ ಅಲ್ವಾ, ಮತ್ತೆ ಚಿಗುರುತ್ತೆ" ಅಂದರು. ಬಿಡೇ ಅಂತೆ! ರಾಮಕೃಷ್ಣನಗರದಲ್ಲಿ ಈ ಮನೆ ಕಟ್ಟಿಸಿದ ವರ್ಷ ಇವರೇ ಗುಣಿ ತೋಡಿ ನೆಟ್ಟ ಗಿಡ. ಕೋರ್ಟಿಗೆ ಹೋಗುವ ದಿನವಾಗಲಿ, ರಜೆಯ ದಿನವಾಗಲಿ, ಅದರ ಹೂ ಬಿಡಿಸಿ ದೇವರ ತಟ್ಟೆಗೆ ಹಾಕದೆ ಕಾಫಿ ಕುಡಿದವರಲ್ಲ. ಹೋದ ವರ್ಷ ಕರುಳಿನ ಆಪರೇಷನ್ ಆದ ಮೇಲೆ ಬಗ್ಗಲಾರರು. ಹಾಗಾಗಿ ಗಿಡ ನನ್ನ ಪಾಲಿಗೆ ಬಂತು. ಇವರ ಕೈಯಲ್ಲಿದ್ದಷ್ಟು ಕಾಲ ಏನೂ ಆಗದ್ದು ನನ್ನ ಕೈಗೆ ಬಂದ ಮೇಲೆ ಹೀಗಾಯಿತಲ್ಲ ಅಂತ ಸಂಕಟ.

ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಅಭ್ಯಾಸವಿಲ್ಲ ನನಗೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು, ದಿನವೆಲ್ಲ ಮಾತಾಡಿಯೇ ಸಂಬಳ ತಂದವಳು. ಈಗ ಹೇಳಬಾರದ ಒಂದು ಮಾತು ಹೊಟ್ಟೆಯಲ್ಲಿ ಕೂತಿದೆ. ಅದಕ್ಕೇ ಮಗಳು ಗಾರ್ಗಿಯ ಮನೆಯಲ್ಲಿ ಖಾಲಿ ಬಿದ್ದಿದ್ದ ಈ ಡೈರಿ ತಂದುಕೊಂಡು ಗೀಚುತ್ತಿದ್ದೇನೆ. ಬರೆದೇಬಿಡುತ್ತೇನೆ. ಏಪ್ರಿಲ್‌ನಲ್ಲಿ ಸ್ಕ್ಯಾನ್ ಆದ ಮೇಲೆ ಡಾಕ್ಟರು ನನ್ನನ್ನೂ ಗಾರ್ಗಿಯನ್ನೂ ಮಾತ್ರ ಒಳಗೆ ಕರೆದರು. ಆ ಕಾಯಿಲೆ ಲಿವರ್‌ಗೆ ಹಬ್ಬಿದೆಯಂತೆ. ಡ್ರಿಪ್ ಹಾಕಿದರೆ ಸ್ವಲ್ಪ ಕಾಲ ಮುಂದೂಡಬಹುದಂತೆ, ಗುಣ ಆಗುವುದಿಲ್ಲವಂತೆ. "ಅವರಿಗೂ ಹೇಳಿ. ಡ್ರಿಪ್ ಬೇಕೋ ಬೇಡವೋ ಅವರೇ ತೀರ್ಮಾನ ಮಾಡಲಿ" ಅಂದರು. ಆಚೆ ಬಂದ ತಕ್ಷಣ ಗಾರ್ಗಿ ನನ್ನ ಕೈ ಹಿಡಿದುಕೊಂಡು, "ಅಮ್ಮ, ಅಪ್ಪನಿಗೆ ಹೇಳೋದು ಬೇಡ. ತಡ್ಕೊಳ್ಳಲ್ಲ" ಅಂತ ಅತ್ತಳು. ನಾನು ಹೂಂ ಅಂದೆ. ಉಳಿದ ಚೂರುಪಾರು ಇರಬಾರದು ಅಂತ ಮುನ್ನೆಚ್ಚರಿಕೆಗೆ ಇನ್ನೊಂದು ಸುತ್ತು ಡ್ರಿಪ್, ಅದಾದರೆ ಪೂರ್ತಿ ಗುಣ, ಅಂತ ಇವರಿಗೆ ಹೇಳಿದ್ದೇವೆ. ನಂಬಿದ್ದಾರೆ.

ನಮ್ಮಲ್ಲಿ ಯಾರು ತಾನೇ ಹೇಳುತ್ತಾರೆ? ಮಾವನವರಿಗೂ ಕೊನೆಯವರೆಗೆ ಹೇಳಿರಲಿಲ್ಲ.

ಮೇ ೯, ಶುಕ್ರವಾರ

ಬೆಳಿಗ್ಗೆ ನೋಡಿದೆ, ಮಧ್ಯಾಹ್ನ ನೋಡಿದೆ, ಬಿಸಿಲು ಇಳಿಯುವಾಗ ನೋಡಿದೆ. ಹುಳವಿಲ್ಲ. ಎಲೆ ಮಾತ್ರ ದಿನಾ ಕಮ್ಮಿಯಾಗುತ್ತಿದೆ. ಕಂಬಳಿಹುಳ ಅಂದುಕೊಂಡೆ, ಬಸವನಹುಳ ಅಂದುಕೊಂಡೆ, ಹಿಂದಿನ ಮನೆಯವರ ಬೆಕ್ಕನ್ನೂ ಅನುಮಾನಿಸಿದೆ. ಅದು ಪಾಪ ಹಾಲಿಗೆ ಬರುತ್ತದೆ ಅಷ್ಟೆ.

ಔಷಧಿ ಅಂಗಡಿಯಿಂದ ಏನಾದರೂ ತಂದು ಹೊಡೆಯೋಣ ಅಂದರೆ ಗಾರ್ಗಿ ಫೋನಿನಲ್ಲೇ ಕೂಗಾಡಿದಳು. ಡ್ರಿಪ್‌ನಿಂದ ಅಪ್ಪನ ರಕ್ತದ ಕಣ ಕಮ್ಮಿಯಾಗಿದೆ, ಮನೆ ಸುತ್ತ ವಿಷದ ವಾಸನೆಯೇ ಸುಳಿಯಬಾರದು ಅಂತ. ಬೇವಿನೆಣ್ಣೆಗೆ ಸೋಪಿನ ನೀರು ಬೆರೆಸಿ ಹೊಡೆದೆ. ಸಾಯಂಕಾಲದ ಮಳೆ ಅದನ್ನೂ ತೊಳೆದುಕೊಂಡು ಹೋಯಿತು.

ಗಿಡಕ್ಕೆ ಶಕ್ತಿ ಬರಲಿ ಅಂತ ದತ್ತಗಳ್ಳಿಯಲ್ಲಿ ಹಸು ಕಟ್ಟಿರುವ ಮಾದೇವಮ್ಮನಿಂದ ಬಕೆಟ್ಟು ತುಂಬ ಹಸಿ ಸಗಣಿ ತರಿಸಿ ಬುಡಕ್ಕೆ ಸುರಿದೆ. ಮಾರ್ಚಿನಲ್ಲೂ ಹೀಗೇ ಸುರಿದಿದ್ದೆ. ಇವರು ಸಗಣಿಯನ್ನು ಮೂಲೆಯಲ್ಲಿ ವರ್ಷಗಟ್ಟಲೆ ಕೊಳೆಸಿಟ್ಟು ಆಮೇಲೆ ಹಾಕುತ್ತಿದ್ದರು. ಸೋಮಾರಿತನ ಅಂತ ಆಡಿಕೊಳ್ಳುತ್ತಿದ್ದೆ. ಪಂಚಗವ್ಯದಲ್ಲಿ ಸೇರುವ ವಸ್ತು, ತಾಜಾ ಇದ್ದಷ್ಟೂ ಒಳ್ಳೆಯದಲ್ಲವಾ?

ಮೇ ೧೪, ಬುಧವಾರ

ಕಾಂಪೌಂಡಿನ ಆಚೆ ಬದಿಯ ಅಂತೋಣಮ್ಮ ಇವತ್ತು ಗಿಡ ನೋಡಿ ಬಾಯಿ ಮೇಲೆ ಕೈಯಿಟ್ಟುಕೊಂಡರು. ಕಾನ್ವೆಂಟ್ ಶಾಲೆಯಲ್ಲಿ ಕನ್ನಡ ಮೇಡಮ್ ಆಗಿ ರಿಟೈರ್ ಆದವರು. ಮಾತಿನಲ್ಲಿ ನನಗೇ ಸಮ.

"ವೇದಮ್ಮ, ಇದು ದುಂಬಿ ಕಣ್ರೀ. ಕಂದು ಬಣ್ಣದ್ದು, ಹುಣಿಸೆಬೀಜದಷ್ಟು ಇರುತ್ತೆ. ಮೊದಲ ಮಳೆ ಬಿದ್ದ ಮೇಲೆ ಮಣ್ಣಿಂದ ಎದ್ದು ಬರುತ್ತೆ. ಹಗಲೆಲ್ಲ ಮಣ್ಣಲ್ಲೇ ಮಲಗಿರುತ್ತೆ, ನಿಮಗೆಲ್ಲಿ ಕಾಣುತ್ತೆ? ಕತ್ತಲಾಗ್ತಿದ್ದಂಗೆ ಟಾರ್ಚ್ ತಗೊಂಡು ಹೋಗಿ ನೋಡಿ. ಗಿಡ ಅಲ್ಲಾಡಿಸಿ ಸೀಮೆಎಣ್ಣೆ ನೀರಿಗೆ ಕೆಡವಿಬುಡಿ, ಆಯ್ತು."

"ದೀಪ ಹಚ್ಚಿದ ಮೇಲೆ ನಾವು ಗಿಡ ಮುಟ್ಟಲ್ಲ ಅಂತೋಣಮ್ಮ."

"ಯಾಕ್ರೀ?"

"ಗಿಡ ಮಲಗಿರುತ್ತೆ. ಎಬ್ಬಿಸಬಾರದು."

"ಅದು ಮಲಗಿದ್ದಾಗ ತಿಂತಾವಲ್ರೀ ಇವು! ನೋಡೋಕೂ ಮಡಿಯಾ?"

ನಕ್ಕರು. ನನಗೆ ನಗು ಬರಲಿಲ್ಲ. ನಾನು ಸೊಸೆಯಾಗಿ ಬಂದ ದಿನ ನಮ್ಮತ್ತೆಯವರು ಹೇಳಿಕೊಟ್ಟ ಮೊದಲ ಮಾತು ಅದು. ದೀಪ ಹಚ್ಚಿದ ಮೇಲೆ ಎಲೆ ಕೀಳಬಾರದು, ಹೂ ಬಿಡಿಸಬಾರದು, ತುಳಸಿ ಕಟ್ಟೆಯಿಂದಾಚೆ ಹೋಗಿ ಗಿಡ ಮುಟ್ಟಬಾರದು. ದೇವರಿಗೂ ಸಾಕ್ಷಿ ಕೇಳುವ ನಮ್ಮನೆ ವಕೀಲರು ಕೂಡ ಅದೊಂದಕ್ಕೆ ಎದುರು ಮಾತಾಡಿದವರಲ್ಲ.

ಮೇ ೨೦, ಮಂಗಳವಾರ

ಡ್ರಿಪ್ ದಿನ. ಬೆಳಿಗ್ಗೆ ಹೋಗಿ ಸಂಜೆ ಬಂದೆವು. ಆಸ್ಪತ್ರೆಯ ಕಾರಿಡಾರಿನಲ್ಲಿ ಇವರು ಕೇಳಿದರು, "ಡಾಕ್ಟರು ಏನಂದ್ರು?"

ನಾನು ಶುರು ಮಾಡಿದೆ. ಬಹಳ ಚೆನ್ನಾಗಿ ಸ್ಪಂದಿಸ್ತಿದ್ದೀರಂತೆ, ಇಂಥ ಎಷ್ಟೋ ಜನ ಗುಣ ಆಗಿ ಚಾಮುಂಡಿಬೆಟ್ಟದ ಮೆಟ್ಟಿಲು ಹತ್ತಿದ್ದಾರಂತೆ, ದಸರಾ ಹೊತ್ತಿಗೆ ನೀವೇ ಹೂ ಬಿಡಿಸ್ತೀರಿ. ಏನೇನು ಹೇಳಿದೆನೋ. ಇವರು ನನ್ನ ಮುಖವನ್ನೇ ನೋಡುತ್ತಿದ್ದರು. "ಹೌದಾ" ಅಂದರು.

ಮನೆಗೆ ಬಂದು ವಾಂತಿ ಮಾಡಿಕೊಂಡರು. ಬೆನ್ನು ನೀವುತ್ತಾ ಕೂತಿದ್ದೆ. ಬೆನ್ನುಮೂಳೆ ಕೈಗೆ ಸಿಗುತ್ತದೆ.

ಮೇ ೨೪, ಶನಿವಾರ

ನೋಡಿದೆ. ದೇವರೇ, ನೋಡಿದೆ.

ಮಳೆ ನಿಂತಿತ್ತು. ದೀಪ ಹಚ್ಚಿ, ಹೊಸಿಲ ಹತ್ತಿರ ನಿಂತಿದ್ದೆ. ವರಾಂಡದ ಬಲ್ಬಿಗೆ ಏನೋ ಟಪ್ ಟಪ್ ಅಂತ ಬಡಿದು ಕೆಳಗೆ ಬೀಳುತ್ತಿತ್ತು. ನೋಡುವುದಕ್ಕೆ ಮಡಿಯೇನಿಲ್ಲವಲ್ಲ ಅಂತ ಟಾರ್ಚ್ ಬಿಟ್ಟೆ. ಗಿಡದ ತುಂಬ ದುಂಬಿ! ಒಂದೊಂದು ರೆಂಬೆಯಲ್ಲೂ ಸಾಲಾಗಿ ಕೂತಿವೆ, ಒಂದರ ಮೇಲೊಂದು ಹತ್ತಿವೆ, ತಿನ್ನುವ ಸದ್ದು ಕೇಳಿಸುತ್ತದೆ. ಹಗಲೆಲ್ಲ ನಾನು ಮುದ್ದು ಮಾಡುತ್ತಿದ್ದ ಗಿಡ, ನಾನು ಬೆನ್ನು ತಿರುಗಿಸಿದ ಮೇಲೆ ಇಷ್ಟು ಜನಕ್ಕೆ ಊಟವಾಗುತ್ತಿತ್ತು. ಕಿರುಚಿಬಿಟ್ಟೆ.

ಅಂತೋಣಮ್ಮ ನೈಟಿ ಮೇಲೆ ಟವೆಲ್ ಹೊದ್ದುಕೊಂಡು ಬೇಸಿನ್ನಿನಲ್ಲಿ ಸೀಮೆಎಣ್ಣೆ ನೀರು ಹಿಡಿದು ಓಡಿಬಂದರು. ನಾನು ಟಾರ್ಚ್ ಹಿಡಿದೆ, ಅವರು ಕೆಡವಿದರು. ಗಿಡವನ್ನು ನಾನು ಮುಟ್ಟಲಿಲ್ಲ. "ನೀವು ಬರೀ ಲೈಟ್ ಡಿಪಾರ್ಟ್‌ಮೆಂಟು. ಪಾಪ ಎಲ್ಲ ನನ್ನ ತಲೆ ಮೇಲೆ ಹಾಕಿಬುಡಿ" ಅಂತ ಬೈದರು. ಇವರು ಕಿಟಕಿಯಲ್ಲಿ ನಿಂತು ನಗುತ್ತಿದ್ದರು. ಇವರು ನಕ್ಕು ಎಷ್ಟು ದಿನವಾಗಿತ್ತು!

ಮೇ ೨೯, ಗುರುವಾರ

ಅಂತೋಣಮ್ಮನ ಮಗಳು ಏಂಜೆಲಿನ್‌ಗೆ ಹೆರಿಗೆಯಂತೆ, ಅವರು ಕಡಕೊಳಕ್ಕೆ ಹೊರಟುಹೋದರು. ಇನ್ನು ಯಾರು?

ದೀಪ ಹಚ್ಚಿದೆ. ಅತ್ತೆಯವರ ಫೋಟೋಗೆ ಕೈಮುಗಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿ, "ತಪ್ಪಾಯ್ತು ಕಣಮ್ಮ, ಮಲಗಿದ್ದವಳನ್ನ ಎಬ್ಬಿಸ್ತಿದ್ದೀನಿ" ಅಂತ ಗಿಡಕ್ಕೆ ಹೇಳಿ ರೆಂಬೆಗೆ ಕೈಹಾಕಿದೆ. ಮುಳ್ಳು ಚುಚ್ಚಿತು. ದುಂಬಿ ಕೈಗೆ ಸಿಕ್ಕಿದರೆ ಕಾಲಿನಿಂದ ಬೆರಳನ್ನೇ ಹಿಡಿದುಕೊಳ್ಳುತ್ತದೆ, ಬಿಡಿಸಿಕೊಳ್ಳಬೇಕು. ಆದರೂ ಬಿಡಲಿಲ್ಲ. ಬೇಸಿನ್ ಕಪ್ಪಾಗುವವರೆಗೂ ಕೆಡವಿದೆ.

ಒಳಗೆ ಬಂದಾಗ ಇವರು ಹೇಳಿದರು, "ಅಮ್ಮ ಇದ್ದಿದ್ರೆ ಇವತ್ತು ನಿನ್ನ ಮನೆಯೊಳಗೆ ಸೇರಿಸ್ತಿರಲಿಲ್ಲ."

"ನೀವು ಸೇರಿಸಿಕೊಳ್ಳಿ, ಸಾಕು" ಅಂದೆ.

ಜೂನ್ ೧೫, ಭಾನುವಾರ

ಗೆದ್ದೆ! ವಾರದಿಂದ ಒಂದು ದುಂಬಿಯೂ ಇಲ್ಲ. ಗಿಡ ಕೆಂಪಗೆ ಚಿಗುರಿದೆ. ಇವತ್ತು ಹೂವೂ ಬಿಟ್ಟಿತ್ತು, ತಟ್ಟೆಯಲ್ಲಿಟ್ಟು ಇವರ ಮುಂದೆ ಹಿಡಿದೆ. ಕಣ್ಣಿಗೊತ್ತಿಕೊಂಡರು. ಇಡ್ಲಿಯನ್ನು ಚಟ್ನಿ ಜೊತೆ ಕೇಳಿ ಹಾಕಿಸಿಕೊಂಡು ತಿಂದರು. ಗಾರ್ಗಿ ಸ್ಕೂಟರಿನಲ್ಲಿ ಬಂದವಳು ಅಪ್ಪನ ಮುಖ ನೋಡಿ, "ನೋಡಿದ್ಯಾ ಅಮ್ಮ, ಹೇಳದೇ ಇದ್ದದ್ದು ಎಷ್ಟು ಒಳ್ಳೇದಾಯ್ತು" ಅಂತ ಅಡುಗೆಮನೆಯಲ್ಲಿ ಪಿಸುಗುಟ್ಟಿದಳು.

ಏನೋಪ್ಪ, ಡಾಕ್ಟರೂ ತಪ್ಪಿರಬಹುದು. ಅವರೇನು ಬ್ರಹ್ಮರಾ? ಎಷ್ಟೋ ಜನರಿಗೆ ಮಾಯವಾಗಿಹೋಗುತ್ತದಂತೆ. ಖುಷಿಗೆ ಇನ್ನೊಂದು ಬಕೆಟ್ ಸಗಣಿ ತರಿಸಿ ಹಾಕಿದೆ.

ಜುಲೈ ೪, ಶುಕ್ರವಾರ

ಆಷಾಢ ಶುಕ್ರವಾರ. ಊರೆಲ್ಲ ಬೆಟ್ಟಕ್ಕೆ ಹೋಗುತ್ತಿದೆ. ನಾನು ಮನೆಯಿಂದಲೇ ಬೆಟ್ಟದ ಕಡೆ ಕೈಮುಗಿದೆ.

ಮಣ್ಣು ಒದ್ದೆಯಿದ್ದರೂ ಗಿಡ ಬಾಡಿದ ಹಾಗಿದೆ. ನಡು ಹಗಲಿಗೆ ತಲೆ ಬಾಗಿಸುತ್ತದೆ, ಸಂಜೆಗೆ ಏಳುತ್ತದೆ. ಬಿಸಿಲಿಗೆ ಅಂತ ಕಾಣುತ್ತೆ. ನೀರು ಜಾಸ್ತಿ ಹಾಕಿದೆ.

ಜುಲೈ ೧೧, ಶುಕ್ರವಾರ

ಸಂಜೆಗೂ ಏಳುತ್ತಿಲ್ಲ. ಚಿಗುರು ಹಳದಿಯಾಗಿದೆ.

ಇವರು ಕುರ್ಚಿಯಲ್ಲಿ ಕೂತೇ, "ಬೇರು ನೋಡಬೇಕು ಕಣೇ. ಬುಡ ಅಗೆದು ನೋಡು" ಅಂದರು. ಮೊಮ್ಮಗುವನ್ನು ನೋಡಿಕೊಂಡು ವಾಪಸು ಬಂದಿರುವ ಅಂತೋಣಮ್ಮನೂ ಅದೇ ಹೇಳಿದರು. ದುಂಬಿ ಸುಮ್ಮನೆ ಹೋಗಿರುವುದಿಲ್ಲ, ಮಣ್ಣಿನಲ್ಲಿ ಮೊಟ್ಟೆಯಿಟ್ಟು ಹೋಗಿರುತ್ತದೆ, ಒಳಗೆ ಬೇರು ತಿನ್ನುವ ಗೊಣ್ಣೆಹುಳ ಆಗಿರಬಹುದು ಅಂತ.

"ಆಷಾಢ ಕಳೀಲಿ" ಅಂದೆ.

"ಬುಡ ಅಗೆಯೋಕೂ ಆಷಾಢನಾ?" ಅಂದರು ಅಂತೋಣಮ್ಮ.

ಅಗೆದರೆ ಇರುವ ಬೇರೂ ಅಲ್ಲಾಡುತ್ತದೆ. ಮೇಲೆ ಇನ್ನೂ ಹಸಿರಿದೆಯಲ್ಲ, ಯಾಕೆ ಕೆದಕಬೇಕು? ಇವರಿಬ್ಬರಿಗೂ ತಾಳ್ಮೆಯಿಲ್ಲ.

ಜುಲೈ ೧೨, ಶನಿವಾರ

ಅಂತೋಣಮ್ಮನ ಜೊತೆ ಜಗಳವಾಯಿತು. ಬರೆಯದೆ ನಿದ್ದೆ ಬರುವುದಿಲ್ಲ.

ಕಾಂಪೌಂಡಿನ ಹತ್ತಿರ ನಿಂತಿದ್ದಾಗ ತಮ್ಮ ಯಜಮಾನರು ಪೌಲರಾಜ್ ವಿಷಯ ತೆಗೆದರು. ಅವರೂ ಇದೇ ಕಾಯಿಲೆಯಲ್ಲಿ ಹೋದವರು. "ನಮ್ಮಲ್ಲಿ ಮುಚ್ಚಿಡೋಕಾಗಲ್ಲ ವೇದಮ್ಮ. ಕಾಯಿಲೆ ಜೋರಾದರೆ ಫಾದರ್ ಪ್ರಾರ್ಥನೆ ಮಾಡಿ ಹಣೆಗೆ ಎಣ್ಣೆ ಹಚ್ಚೋಕೆ ಮನೆಗೇ ಬರ್ತಾರೆ. ಅವರು ಬಾಗಿಲಲ್ಲಿ ನಿಂತರೆ ಮಲಗಿರೋರಿಗೆ ಗೊತ್ತಾಗಲ್ವಾ? ಅದಕ್ಕೇ ನಾನೇ ಮುಂಚೆ ಹೇಳಿದೆ. ಎರಡು ದಿನ ಗೋಡೆ ಕಡೆ ಮುಖ ಮಾಡಿ ಮಲಗಿದ್ರು. ಆಮೇಲೆ ಎದ್ದು ಕೂತು ಏನಂದ್ರು ಗೊತ್ತಾ? ನನ್ನ ಪೆಟ್ಟಿಗೇಲಿ ಆ ನೀಲಿ ಕೋಟು ಹಾಕಿ ಮಲಗಿಸಬೇಡ ಕಣೇ, ಕಂಕುಳಲ್ಲಿ ಬಿಗಿ ಅಂತ." ನಗುತ್ತಾ ಕಣ್ಣೊರೆಸಿಕೊಂಡರು. ಆಮೇಲೆ ಮೆಲ್ಲಗೆ, "ವಕೀಲ್ರಿಗೆ ಹೇಳಿದೀರಾ?" ಅಂದರು.

ನನಗೆ ಎಲ್ಲಿತ್ತೋ ಸಿಟ್ಟು! "ನಿಮ್ಮಲ್ಲಿ ಹಾಗಿರಬಹುದು. ನಮ್ಮಲ್ಲಿ ಬದುಕಿರೋರ ಮುಂದೆ ಸಾವಿನ ಮಾತಾಡಲ್ಲ. ಗಂಡನ ಧೈರ್ಯ ತೆಗೆಯೋ ಹೆಂಡತಿ ನಾನಲ್ಲ" ಅಂದುಬಿಟ್ಟೆ. ಅವರ ಮುಖ ಸಣ್ಣದಾಯಿತು. ಒಳಗೆ ಹೋದರು.

ಅಂದಿದ್ದರಲ್ಲಿ ತಪ್ಪೇನಿದೆ? ಏನೂ ಇಲ್ಲ. ಆದರೆ ಅವರ ಗಂಡ ಸತ್ತವರು. ಅವರ ಮುಂದೆ ಆ ಮಾತು ಬೇಡವಿತ್ತು.

ಜುಲೈ ೨೨, ಮಂಗಳವಾರ

ಡ್ರಿಪ್. ನರ ಸಿಗದೆ ಎರಡೂ ಕೈಗೆ ಚುಚ್ಚಿದರು. ಕೈ ಊದಿಕೊಂಡಿದೆ. ಬಾಯೆಲ್ಲ ಹುಣ್ಣು, ನೀರು ಕುಡಿದರೂ ಉರಿಯುತ್ತದಂತೆ.

"ಇನ್ನೂ ಎಷ್ಟು ಸಲ ವೇದಾ?"

"ಇನ್ನೇನು ಮುಗೀತು. ಸ್ವಲ್ಪ ತಡ್ಕೊಳ್ಳಿ. ಇದೊಂದು ಆದರೆ ಪೂರ್ತಿ ಗುಣ, ಡಾಕ್ಟರು ಎಷ್ಟು ಗ್ಯಾರಂಟಿಯಾಗಿ ಹೇಳಿದಾರೆ ಗೊತ್ತಾ, ಅಲ್ಲಿ ನರ್ಸ್ ಕೂಡ ಹೇಳ್ತಿದ್ಲು..."

ಕಣ್ಣು ಮುಚ್ಚಿಕೊಂಡರು. ನಾನು ಹೇಳಿದೆ ಅಂತ ತಡೆದುಕೊಳ್ಳುತ್ತಿದ್ದಾರೆ. ಗುಣ ಆಗುತ್ತದೆ ಅಂತ ತಡೆದುಕೊಳ್ಳುತ್ತಿದ್ದಾರೆ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಜುಲೈ ೨೬, ಶನಿವಾರ

ಆಷಾಢ ಮುಗಿದಿದೆ. ನೆಪವೂ ಮುಗಿಯಿತು.

ಸಾಯಂಕಾಲ ಇವರು ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಬಂದರು. ಬೇಡ ಅಂದರೂ ಕೇಳಲಿಲ್ಲ. ಕುರ್ಚಿ ಗಿಡದ ಹತ್ತಿರಕ್ಕೇ ಹಾಕಿಸಿಕೊಂಡು, "ಅಗಿ" ಅಂದರು.

ಸಣ್ಣ ಗುದ್ದಲಿಯಿಂದ ಬುಡ ಬಿಡಿಸಿದೆ. ಎರಡೇಟು ಹಾಕುವಷ್ಟರಲ್ಲಿ ಗಿಡ ವಾಲಿತು. ಹಿಡಿದುಕೊಳ್ಳೋಣ ಅಂತ ಕೈಹಾಕಿದೆ, ಹಾಗೇ ಕೈಗೆ ಬಂದುಬಿಟ್ಟಿತು. ಎಳೆಯಲೂ ಇಲ್ಲ ನಾನು. ಇಷ್ಟು ವರ್ಷದ ಗಿಡ, ಅದಕ್ಕೆ ಬೇರೇ ಇರಲಿಲ್ಲ. ಗುಣಿಯ ತುಂಬ ಬಿಳಿ ಬಿಳಿ ಗೊಣ್ಣೆಹುಳ, ಹೆಬ್ಬೆರಳು ಗಾತ್ರ, ಸುರುಳಿ ಸುತ್ತಿಕೊಂಡು ಮಲಗಿವೆ. ನಾನು ಹಾಕಿದ ಸಗಣಿಯ ಉಂಡೆ ಒಡೆದರೆ ಅದರೊಳಗೂ ಅವೇ. ತಾಜಾ ಅಂತ ತರಿಸಿ ತರಿಸಿ ಹಾಕಿದ್ದೆನಲ್ಲ, ಅದರಲ್ಲೇ ಬೆಚ್ಚಗೆ ಕೂತು ಬೆಳೆದಿವೆ.

ಗಿಡ ಹಿಡಿದುಕೊಂಡು ಮಣ್ಣಿನಲ್ಲಿ ಕೂತುಬಿಟ್ಟೆ. "ನಾನೇ ಸಾಯಿಸಿದೆ ಕಣ್ರೀ. ನನ್ನ ಕೈಯಾರೆ ಸಾಯಿಸಿದೆ" ಅಂತ ಅತ್ತೆ.

"ಹಾಗಲ್ಲ ಕಣೇ" ಅಂದರು. "ಮೇಲಿನದನ್ನ ನೀನು ನೋಡಿಕೊಂಡೆ, ಒಳಗಿಂದು ನಿನಗೆ ಗೊತ್ತಿರಲಿಲ್ಲ. ಹಸಿ ಸಗಣಿ ಹಾಕಬೇಡ ಅಂತ ನಾನೂ ಹೇಳಬೇಕಿತ್ತು, ಹೇಳಲಿಲ್ಲ. ನೀನು ಅಷ್ಟು ಪ್ರೀತಿಯಿಂದ ಹಾಕ್ತಿದ್ದೆ." ಆಮೇಲೆ ಕೇಳಿದರು, "ಈಗ ಹೇಳು. ಡಾಕ್ಟರು ಏನಂದ್ರು?"

ಬಾಯಿ ತೆರೆದೆ. ಕೈಯೆತ್ತಿ ತಡೆದರು.

"ಆ ಚೆನ್ನಾಗಿ ಸ್ಪಂದಿಸ್ತಿರೋದು, ಬೆಟ್ಟದ ಮೆಟ್ಟಿಲು, ನರ್ಸು, ಅದೆಲ್ಲ ಬೇಡ. ಜೀವಮಾನವೆಲ್ಲ ಕೋರ್ಟಿನಲ್ಲಿ ಸಾಕ್ಷಿಗಳ ಮುಖ ನೋಡಿದವನು ಕಣೇ ನಾನು. ಸುಳ್ಳು ಹೇಳೋ ಸಾಕ್ಷಿ ಕೇಳಿದ್ದಕ್ಕಿಂತ ಜಾಸ್ತಿ ಹೇಳ್ತಾನೆ. ನಿಜ ಹೇಳೋನು ಒಂದು ಮಾತಲ್ಲಿ ಮುಗಿಸ್ತಾನೆ. ನೀನು ಏಪ್ರಿಲ್‌ನಿಂದ ಬಹಳ ಹೇಳ್ತಿದ್ದೀಯ."

"ಲಿವರ್‌ಗೆ ಬಂದಿದೆ. ಗುಣ ಆಗಲ್ಲ ಅಂದ್ರು" ಅಂದೆ.

ಅಷ್ಟೇ ಅಂದೆ.

ಇವರು ಗುಣಿಯನ್ನೇ ನೋಡುತ್ತಾ ಕೂತಿದ್ದರು. ಅಂತೋಣಮ್ಮನ ಮನೆಯ ಕುಕ್ಕರ್ ಕೂಗಿತು. "ಗೊತ್ತಿತ್ತು" ಅಂದರು. "ಗೊತ್ತಿದ್ದೂ ಡ್ರಿಪ್ ಹಾಕಿಸಿಕೊಂಡೆ. ನಿಮ್ಮಿಬ್ಬರಿಗೂ ತಡ್ಕೊಳ್ಳೋಕಾಗಲ್ಲ ಅಂತ." ಆಮೇಲೆ ಕೈ ಚಾಚಿದರು. ನನ್ನ ಕೈಯೆಲ್ಲ ಸಗಣಿ, ಮಣ್ಣು. ಹಾಗೇ ಹಿಡಿದುಕೊಂಡರು. "ಭಯ ಆಗುತ್ತೆ ಕಣೇ ವೇದಾ. ಇದೊಂದು ಮಾತು ಯಾರ ಹತ್ತಿರವಾದರೂ ಹೇಳಬೇಕಿತ್ತು. ಆಗಿರಲಿಲ್ಲ."

ನಾನು ಸುಮ್ಮನೆ ಆ ಕೈ ಹಿಡಿದುಕೊಂಡಿದ್ದೆ. ಎಷ್ಟು ಹೊತ್ತೋ.

ಆಮೇಲೆ ಇವರೇ, "ಕತ್ತರಿ ತಗೊಂಡು ಬಾ. ಕಡ್ಡೀಲಿ ಇನ್ನೂ ಜೀವ ಇದೆ" ಅಂದರು. ಎಳೆಯದು ಬೇಡ, ಬಲಿತದ್ದೂ ಬೇಡ, ಪೆನ್ಸಿಲ್ ಗಾತ್ರದ್ದು ಆರಿಸು, ಗಿಣ್ಣಿನ ಕೆಳಗೆ ಓರೆಯಾಗಿ ಕತ್ತರಿಸು, ಸಗಣಿ ಬೇಡ, ಮರಳು ಬೆರೆಸಿದ ಮಣ್ಣು ಸಾಕು. ಒಂದೊಂದೇ ಕತ್ತರಿಸಿ ಇವರ ಕೈಗೆ ಕೊಟ್ಟೆ, ಇವರು ಕುಂಡಕ್ಕೆ ಚುಚ್ಚಿದರು. ಅಷ್ಟರಲ್ಲಿ ಮಬ್ಬಾಯಿತು. "ದೀಪ ಹಚ್ಚೋ ಹೊತ್ತಾಯ್ತು" ಅಂತ ಎದ್ದೆ.

"ಹಚ್ಚಿ ಬಾ. ಬಂದು ಉಳಿದ ಕಡ್ಡಿ ಕೊಡು" ಅಂದರು ನಮ್ಮತ್ತೆಯ ಮಗ.

ಜುಲೈ ೨೭, ಭಾನುವಾರ

ಫೋನಿನಲ್ಲಿ ಹೇಳಿದ್ದೇ ತಡ, ಗಾರ್ಗಿ ಬಂದಳು. "ಏನಮ್ಮ ಮಾಡ್ಬುಟ್ಟೆ! ಹೇಳಲ್ಲ ಅಂತ ಒಪ್ಪಿಕೊಂಡಿದ್ದೆಯಲ್ಲ!" ಅಂತ ನಡುಮನೆಯಲ್ಲಿ ನಿಂತು ಕೂಗಿದಳು. ಇವರು ಒಳಗಿನಿಂದ "ಗಾರ್ಗೀ, ಇಲ್ಲಿ ಬಾಮ್ಮ" ಅಂದರು. ಬಾಗಿಲು ಹಾಕಿಕೊಂಡಳು. ಬಹಳ ಹೊತ್ತು ಒಳಗಿದ್ದಳು. ಆಚೆ ಬಂದಾಗ ಕಣ್ಣು ಊದಿಕೊಂಡಿತ್ತು. ಸೀದಾ ಸ್ಕೂಟರಿನ ಹತ್ತಿರ ನಡೆದಳು. ಅಲ್ಲಿಂದ ಹಿಂದಕ್ಕೆ ಬಂದು ತಬ್ಬಿಕೊಂಡಳು.

ಡ್ರಿಪ್ ಬೇಡ ಅಂತ ಇವರೇ ಡಾಕ್ಟರಿಗೆ ಫೋನ್ ಮಾಡಿದರು. ನೋವಿಗೆ ಔಷಧಿ ಕೊಡುತ್ತಾರಂತೆ. ಮನೆಗೇ ನರ್ಸ್ ಬರುತ್ತಾಳೆ.

ಅಂತೋಣಮ್ಮನ ಮನೆ ಬಾಗಿಲು ತಟ್ಟಿದೆ. "ಅವತ್ತು ಹಾಗನ್ನಬಾರದಿತ್ತು" ಅಂದೆ. "ಬನ್ನಿ ಒಳಗೆ, ಟೀ ಕುಡೀರಿ" ಅಂದರು.

ಆಗಸ್ಟ್ ೧೨, ಮಂಗಳವಾರ

ಬಾಯಿಯ ಹುಣ್ಣು ಮಾಗಿದೆ. ಸಂಜೆ ಸಂಜೆ ಕುಂಡದ ಹತ್ತಿರ ಕೂರುತ್ತೇವೆ. ಇವತ್ತು ಇದ್ದಕ್ಕಿದ್ದ ಹಾಗೆ ಕೇಳಿದರು, "ಎಕ್ಸ್‌ಚೇಂಜಿನಲ್ಲಿ ಇದ್ದಾಗ ಯಾರದಾದರೂ ಮಾತು ಕದ್ದು ಕೇಳಿದ್ಯೇನೇ?" ಮದುವೆಯಾಗಿ ಇಷ್ಟು ವರ್ಷದಲ್ಲಿ ಕೇಳಿರಲಿಲ್ಲ.

ಕೇಳಿದ್ದೆ. ಒಬ್ಬ ಮುದುಕಿ ದೇವರಾಜ ಮೊಹಲ್ಲಾದ ಅಂಗಡಿಯಿಂದ ಪೂನಾದ ಮಗಳಿಗೆ ಟ್ರಂಕ್ ಕಾಲ್ ಬುಕ್ ಮಾಡುತ್ತಿದ್ದರು. ಲೈನ್ ಸಿಕ್ಕಿದರೆ ಇಬ್ಬರೂ ಅಳುತ್ತಿದ್ದರು, ಮಾತೇ ಇಲ್ಲ. ಟೈಮ್ ಮುಗಿದರೂ ನಾನು ಕಟ್ ಮಾಡುತ್ತಿರಲಿಲ್ಲ.

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?" ಅಂದರು.

"ನೀವು ಕೇಳಲಿಲ್ಲ."

ಇಬ್ಬರೂ ನಕ್ಕೆವು. ಕಡ್ಡಿಯಲ್ಲಿ ಚಿಗುರಿನ ಕಣ್ಣು ಕೆಂಪಗೆ ಕಾಣುತ್ತಿದೆ.

ಆಗಸ್ಟ್ ೩೦, ಶನಿವಾರ

ಹಾಸಿಗೆಯಿಂದ ಏಳಲಾರರು. ಕುಂಡವನ್ನು ಕಿಟಕಿಯ ಆಚೆ, ಇವರಿಗೆ ಕಾಣುವ ಹಾಗೆ ತಂದಿಟ್ಟೆ. ಎಲೆ ಬಿಟ್ಟಿದೆ.

ತಮ್ಮ ಕರಿ ಕೋಟನ್ನು ಯಾರಾದರೂ ಹೊಸ ವಕೀಲರಿಗೆ ಕೊಡಬೇಕಂತೆ. ಮನೆಯಲ್ಲೇ ಇರಬೇಕಂತೆ, ಆಸ್ಪತ್ರೆಗೆ ಬೇಡವಂತೆ. ಆಯ್ತು ಅಂದೆ.

ಸೆಪ್ಟೆಂಬರ್ ೯, ಮಂಗಳವಾರ

ಕ್ಯಾನ್ಸರ್ ಮೂಳೆಗೂ ಹೋಗಿದೆ. ನೋವು. ರಾತ್ರಿ ಹಗಲು ಪಕ್ಕದಲ್ಲೇ ಇದ್ದೇನೆ.

"ಭಯ ಇದ್ಯಾ?" ಅಂತ ಕೇಳಿದೆ.

"ಅವತ್ತಿನಷ್ಟಿಲ್ಲ" ಅಂದರು.

ಸೆಪ್ಟೆಂಬರ್ ೧೫, ಸೋಮವಾರ

ಬೆಳಿಗ್ಗೆ ಹೋದರು. ಮನೆಯಲ್ಲೇ. ನನ್ನ ಕೈ ಹಿಡಿದಿದ್ದರು.

ಸೆಪ್ಟೆಂಬರ್ ೨೭, ಶನಿವಾರ

ವೈಕುಂಠ ಸಮಾರಾಧನೆ ಮುಗಿಯಿತು. ಊರಿಗೆಲ್ಲ ದಸರಾ ದೀಪ.

ಊಟವಾದ ಮೇಲೆ ನೆಂಟರೆಲ್ಲ ನಡುಮನೆಯಲ್ಲಿ ಕೂತಿದ್ದರು. ಇವರ ಅಕ್ಕ ನನ್ನ ಕೈ ಹಿಡಿದುಕೊಂಡು, "ಪುಣ್ಯವಂತ ಕಣಮ್ಮ ನಮ್ಮ ಸುಂದರೇಶ. ಏನೂ ಗೊತ್ತಾಗದೆ ಹೋದ. ಅವನಿಗೆ ಗೊತ್ತಾಗದ ಹಾಗೆ ನೋಡಿಕೊಂಡೆಯಲ್ಲ, ಅದೇ ದೊಡ್ಡದು" ಅಂದರು. ಎಲ್ಲರೂ ಹೌದು ಹೌದು ಅಂದರು.

"ಗೊತ್ತಿತ್ತು. ನಾನೇ ಹೇಳಿದೆ" ಅಂದೆ.

ಗಾರ್ಗಿ ಎದ್ದು ಬಂದು ನನ್ನ ಪಕ್ಕದಲ್ಲಿ ಕೂತಳು.

ಎಲ್ಲರೂ ಹೋದ ಮೇಲೆ ದೇವರ ದೀಪ ಹಚ್ಚಿದೆ. ಸೂತಕ ಕಳೆದು ಇವತ್ತೇ ಮೊದಲು. ಆಮೇಲೆ ಆಚೆ ಹೋಗಿ ಕುಂಡದ ಮುಂದೆ ಕೂತು, ಕತ್ತಲಲ್ಲೇ ಒಂದೊಂದು ಎಲೆಯನ್ನೂ ಮುಟ್ಟಿ ನೋಡಿದೆ. ಕಾಂಪೌಂಡಿನ ಆಚೆಯಿಂದ ಅಂತೋಣಮ್ಮ ಕೇಳಿದರು, "ಹುಳ ಇದ್ಯಾ ವೇದಮ್ಮ? ಟಾರ್ಚ್ ತರ್ಲಾ?"

"ಇಲ್ಲ" ಅಂದೆ.